ನಮ್ಮ ಶಾಲೆಯ ಕಾಡಿನ ಪಾಠಕ್ಕೆ ನಿಮ್ಮ ನೆರವು ಬೇಕು

ಆತ್ಮೀಯ ಹಳೆ ವಿದ್ಯಾರ್ಥಿಗಳೇ, ಊರಿನವರೇ, ಊರು ಬಿಟ್ಟು ದೂರ ನೆಲೆಸಿದವರೇ, ಎಲ್ಲರಿಗೂ ನಮಸ್ಕಾರ.

ಸಿದ್ದಾಪುರ ತಾಲೂಕಿನ ನಮ್ಮ ಸರ್ಕಾರಿ ಹಿರಿಯ ಪ್ರಾಥಮಿಕ ಶಾಲೆಯಲ್ಲಿ ಐದು, ಆರು, ಏಳನೇ ತರಗತಿಯ ಮಕ್ಕಳಿಗೆ ಬರುವ ಜೂನ್‌ನಿಂದ ಕಾಡಿನ ಪಾಠ ಶುರು ಮಾಡಬೇಕು ಎಂದು ಶಾಲಾಭಿವೃದ್ಧಿ ಸಮಿತಿ ಮತ್ತು ಹಳೆ ವಿದ್ಯಾರ್ಥಿ ಸಂಘ ಸೇರಿ ತೀರ್ಮಾನ ಮಾಡಿವೆ. ಮೊದಲ ವರ್ಷಕ್ಕೆ 1,70,000 ರೂಪಾಯಿ ಬೇಕು. ಆ ದುಡ್ಡು ಎಲ್ಲಿಗೆ ಹೋಗುತ್ತದೆ ಎನ್ನುವುದನ್ನು ಮುಂದೆ ಬರೆದಿದ್ದೇವೆ. ಓದಿ ನೋಡಿ, ಸರಿ ಅನ್ನಿಸಿದರೆ ಕೊಡಿ.

"ಕಾಡಿನ ನಡುವೆ ಬೆಳೆಯೋ ಮಕ್ಕಳಿಗೆ ಕಾಡಿನ ಪಾಠ ಯಾಕ್ರೀ?" ಅಂತ ಸಭೆಯಲ್ಲೇ ಒಬ್ಬರು ಕೇಳಿದರು. ಕೇಳಬೇಕಾದ ಪ್ರಶ್ನೆಯೇ. ಆದರೆ ಈಗಿನ ಮಕ್ಕಳು ಶಾಲೆಗೆ ಕಾಲುದಾರಿಯಲ್ಲಿ ಬರುವುದಿಲ್ಲ. ವ್ಯಾನಿನಲ್ಲಿ ಬರುತ್ತಾರೆ, ಇಲ್ಲವೇ ಅಪ್ಪನ ಬೈಕಿನಲ್ಲಿ. ಮನೆಗೆ ಗ್ಯಾಸ್ ಬಂದಿದೆ, ಬಂದದ್ದು ಒಳ್ಳೆಯದೇ. ಬೆಟ್ಟದಿಂದ ಸೊಪ್ಪು, ದರಕು (ಉದುರಿದ ಒಣ ಎಲೆ) ತರುವುದು ಈಗ ಆಳುಗಳ ಕೆಲಸ. ಹಾಗಾಗಿ ಮಕ್ಕಳಿಗೆ ಕಾಡಿಗೆ ಕಾಲಿಡುವ ಕಾರಣವೇ ಉಳಿದಿಲ್ಲ. ಮತ್ತಿ ಯಾವುದು, ಕಿಂದಳ ಯಾವುದು, ಹೊನ್ನೆ ಯಾವುದು ಎಂದು ಕೇಳಿದರೆ ಮುಖ ಮುಖ ನೋಡುತ್ತಾರೆ. ಅಕೇಶಿಯಾ ಮಾತ್ರ ಎಲ್ಲರಿಗೂ ಗೊತ್ತು! ಶಾಲೆಗಳಲ್ಲಿ ಪರಿಸರದ ಪಾಠ ಕಡ್ಡಾಯವಾಗಲಿ ಎಂದು ಸುಪ್ರೀಂ ಕೋರ್ಟ್ ಹೇಳಿದ್ದು 1991ರಲ್ಲಿ. ಪಾಠವೇನೋ ಪುಸ್ತಕಕ್ಕೆ ಬಂತು. ನಮ್ಮ ಆಟದ ಬಯಲಿನ ಆಚೆ ಇರುವ ಮರಗಳ ಹೆಸರನ್ನು ಯಾವ ಪುಸ್ತಕವೂ ಹೇಳಿಕೊಡುವುದಿಲ್ಲ, ಅದನ್ನು ನಾವೇ ಹೇಳಿಕೊಡಬೇಕು.

ಒಂದು ವಿಷಯ ಮೊದಲೇ ಹೇಳಿಬಿಡುತ್ತೇವೆ. ಇದು ಸುಮ್ನೆ ಗಿಡ ನೆಟ್ಟು ಫೋಟೊ ತೆಗೆಸಿಕೊಳ್ಳುವ ಕಾರ್ಯಕ್ರಮ ಅಲ್ಲ. ವನಮಹೋತ್ಸವ 1950ರಿಂದ ನಡೆದು ಬಂದಿದೆ, ಜುಲೈ ಮೊದಲ ವಾರ ಅದು ತನ್ನ ಪಾಡಿಗೆ ನಡೆಯಲಿ. ನಾವು ಬೀಜದಿಂದ ಶುರು ಮಾಡುತ್ತೇವೆ.

ಬೇಸಿಗೆ ರಜೆಯಲ್ಲಿ ಮನೆಮನೆಯಲ್ಲೂ ಮುರುಗಲು (ಕೋಕಂ) ಹಣ್ಣಿನ ಸಿಪ್ಪೆ ಒಣಗಿಸುತ್ತಾರೆ. ಕೆಲವರು ಬೀಜದಿಂದ ತುಪ್ಪವನ್ನೂ ತೆಗೆಯುತ್ತಾರೆ. ಆ ಬೀಜದಲ್ಲಿ ಒಂದು ಹಿಡಿಯನ್ನು ಪ್ರತಿ ಮಗುವೂ ಶಾಲೆಗೆ ತರಲಿ. ಮುರುಗಲು, ಹಲಸು, ರಾಮಪತ್ರೆ (ಕಾಡು ಜಾಯಿಕಾಯಿ) ಇಂಥವುಗಳ ಬೀಜವನ್ನು ಒಣಗಿಸಿ ಡಬ್ಬದಲ್ಲಿ ಇಟ್ಟರೆ ಸತ್ತು ಹೋಗುತ್ತದೆ, ಬೇಗ ಮಣ್ಣಿಗೆ ಬೀಳಬೇಕು. ಸಾಗುವಾನಿಯದು ತದ್ವಿರುದ್ಧ. ಅದರ ಕಾಯಿ ಎಷ್ಟು ಗಟ್ಟಿ ಎಂದರೆ ನೀರಲ್ಲಿ ನೆನೆಸು, ಬಿಸಿಲಿಗೆ ಹಾಕು, ಮತ್ತೆ ನೆನೆಸು ಅಂತ ದಿನಗಟ್ಟಲೆ ಮಾಡಬೇಕು. ಶ್ರೀಗಂಧದ್ದು ಇನ್ನೊಂದು ಕಥೆ. ಅದು ಪಕ್ಕದ ಗಿಡದ ಬೇರಿಗೆ ತನ್ನ ಬೇರು ತಾಗಿಸಿ ಊಟ ಕದಿಯುತ್ತದೆ. ಅದಕ್ಕೇ ನರ್ಸರಿಯಲ್ಲಿ ಗಂಧದ ಸಸಿಯ ಚೀಲದಲ್ಲಿ ತೊಗರಿ ಗಿಡವನ್ನೂ ಬೆಳೆಸುತ್ತಾರೆ. ನಮ್ಮ ರಾಜ್ಯದ ಮರವೇ ಅರ್ಧ ಕಳ್ಳ ಎಂದು ಗೊತ್ತಾದರೆ ಆರನೇ ತರಗತಿಯ ಹುಡುಗರು ಅದನ್ನು ಪರೀಕ್ಷೆ ಮುಗಿದ ಮೇಲೂ ಮರೆಯುವುದಿಲ್ಲ, ಅಲ್ವಾ?

ಇದನ್ನೆಲ್ಲ ಕಲಿಸುವವರು ಯಾರು? ನಮ್ಮ ಜಿಲ್ಲೆಯ ತುಳಸಿ ಗೌಡರನ್ನು ನೆನೆಯಿರಿ. ಅಂಕೋಲಾ ತಾಲೂಕಿನ ಹೊನ್ನಳ್ಳಿಯವರು. ಶಾಲೆಗೆ ಹೋದವರಲ್ಲ. ಅರಣ್ಯ ಇಲಾಖೆಯ ನರ್ಸರಿಯಲ್ಲಿ ದಿನಗೂಲಿಗೆ ಸೇರಿ ದುಡಿದವರು. ಯಾವ ತಾಯಿಮರದ ಬೀಜ ಚೆನ್ನ, ಅದನ್ನು ಯಾವಾಗ ಆರಿಸಬೇಕು ಎನ್ನುವುದು ಅವರಿಗೆ ಗೊತ್ತಿತ್ತು. 2020ರ ಪದ್ಮಶ್ರೀ ಪಟ್ಟಿಯಲ್ಲಿ ಅವರ ಹೆಸರು ಬಂತು. 2024ರ ಡಿಸೆಂಬರ್‌ನಲ್ಲಿ ತೀರಿಕೊಂಡರು. ಅಷ್ಟು ತಿಳಿದವರು ಅಪರೂಪ, ನಿಜ. ಆದರೆ ಬೀಜ, ಬೇರು, ಜೇನು, ಅಣಬೆ ಬಲ್ಲ ಅಜ್ಜ ಅಜ್ಜಿಯರು ನಮ್ಮ ಸುತ್ತಲಿನ ಕೇರಿಗಳಲ್ಲಿ ಇನ್ನೂ ಇದ್ದಾರೆ. ನಮ್ಮ ಮೇಷ್ಟ್ರು ಅವರೇ. ಪೇಟೆಯಿಂದ ಭಾಷಣಕ್ಕೆ ಬಂದವರಿಗೆ ಕವರು, ಊರಿನ ಅಜ್ಜನಿಗೆ ಒಂದು ಶಾಲು, ತೆಂಗಿನಕಾಯಿ. ಈ ಪದ್ಧತಿ ನಮ್ಮ ಶಾಲೆಯಲ್ಲಿ ಬೇಡ ಎಂದು ಸಮಿತಿಯಲ್ಲಿ ಎಲ್ಲರೂ ಒಪ್ಪಿದ್ದಾರೆ. ಅವರು ದಿನದ ಕೆಲಸ ಬಿಟ್ಟು ಬರುತ್ತಾರೆ. ಒಂದು ದಿನಕ್ಕೆ 1,500 ರೂಪಾಯಿ ಗೌರವಧನ ಇಟ್ಟಿದ್ದೇವೆ. ವರ್ಷದಲ್ಲಿ 30 ದಿನ ಪಾಠ, ಅಲ್ಲಿಗೆ 45,000 ಆಯಿತು. ಇಡೀ ಬಜೆಟ್ಟಿನಲ್ಲಿ ದೊಡ್ಡ ಬಾಬ್ತು ಇದೇ, ಹಾಗೇ ಇರಬೇಕು ಕೂಡ.

ಕಾಡು ಎಂದರೆ ಬರೀ ಹಕ್ಕಿ, ಹೂವು, ಚಂದ ಅಂತ ಕಲಿಸಿ ಬಿಡುವುದಕ್ಕೂ ನಮಗೆ ಮನಸ್ಸಿಲ್ಲ. ಇಲ್ಲಿನ ಮನೆಗಳು ಕಾಡಿನಿಂದಲೇ ಬದುಕುತ್ತವೆ. ನಮ್ಮ ಜಿಲ್ಲೆಯಲ್ಲಿ ಒಂದು ಎಕರೆ ಅಡಿಕೆ ತೋಟಕ್ಕೆ ಒಂಬತ್ತು ಎಕರೆವರೆಗೆ ಸೊಪ್ಪಿನ ಬೆಟ್ಟ, ಅಂದರೆ ತೋಟಕ್ಕೆ ಸೊಪ್ಪು ತರುವ ಕಾಡು, ಬಿಟ್ಟುಕೊಟ್ಟದ್ದು ಬ್ರಿಟಿಷರ ಕಾಲದ ವ್ಯವಸ್ಥೆ. ಅಷ್ಟು ಬೆಟ್ಟ ಯಾಕೆ ಬೇಕಿತ್ತು? ಪ್ರತಿ ವರ್ಷ ಕೊಂಬೆ ಕಡಿದರೆ ಮತ್ತಿ ಮರ ಬೀಜ ಬಿಡುವುದು ಯಾವಾಗ? ಮುರುಗಲಿನ ಜಾತಿಯದೇ ಆದ ಉಪ್ಪಾಗೆ ಹಣ್ಣಾಗುವುದು ಮಳೆಗಾಲದಲ್ಲಿ. ಬಿಸಿಲಿಲ್ಲ, ಹಾಗಾಗಿ ಸಿಪ್ಪೆಯನ್ನು ಬೆಂಕಿಯ ಮೇಲೆ ಒಣಗಿಸುತ್ತಾರೆ. ಒಂದು ಕಿಲೋ ಒಣ ಸಿಪ್ಪೆಗೆ ಎಷ್ಟು ಕಿಲೋ ಸೌದೆ ಉರಿಯಿತು? ಏಳನೇ ತರಗತಿಯವರು ಮನೆಯಲ್ಲೇ ತೂಕ ಹಾಕಿ ಬರೆದುಕೊಂಡು ಬರಲಿ, ಗಣಿತದ ಮೇಷ್ಟ್ರು ಲೆಕ್ಕ ಮಾಡಿಸುತ್ತಾರೆ. ರಾಮಪತ್ರೆಗೆ ರೇಟು ಬಂದಾಗ ಕಾಯಿ ಬಲಿಯುವ ಮೊದಲೇ ಕೊಂಬೆ ಸಮೇತ ಇಳಿಸುವುದುಂಟು. ಆಗ ಮಂಗಟ್ಟೆ ಹಕ್ಕಿಗೆ ಏನು ಉಳಿಯಿತು? ಆ ಬೀಜವನ್ನು ನುಂಗಿ ದೂರ ಒಯ್ದು ಉದುರಿಸುವುದು ಅದೇ ತಾನೇ? ಇಂಥ ಪ್ರಶ್ನೆಗೆ ಮನೆಯ ದೊಡ್ಡವರಿಗೆ ಸ್ವಲ್ಪ ಮುಜುಗರ ಆಗಬಹುದು. ಆಗಲಿ.

ಪ್ರತಿ ಮಗುವಿಗೂ ಒಂದು ಮರ ಇರುತ್ತದೆ. ನೆಲದಿಂದ 1.37 ಮೀಟರ್ ಎತ್ತರದಲ್ಲಿ ಟೇಪು ಸುತ್ತಿ ಸುತ್ತಳತೆ ತೆಗೆಯಬೇಕು. ಅರಣ್ಯ ಇಲಾಖೆಯವರು ಅಳೆಯುವುದೂ ಅಷ್ಟೇ ಎತ್ತರದಲ್ಲಿ. ವರ್ಷಕ್ಕೊಮ್ಮೆ, ನವೆಂಬರಿನಲ್ಲಿ. ಮಗು ಏಳನೇ ತರಗತಿ ಮುಗಿಸಿ ಹೋಗುವಾಗ ಆ ಮರದ ಪುಸ್ತಕ ಐದನೇ ತರಗತಿಗೆ ಬಂದ ಮಗುವಿಗೆ ಹೋಗುತ್ತದೆ.

ಇನ್ನು ಪ್ರವಾಸ. ಮಾವಿನಗುಂಡಿ ಕಡೆಯ ಕತ್ತಲೆಕಾನು ಎಂಬ ಕಾಡಿಗೆ ಮಕ್ಕಳನ್ನು ಕರೆದೊಯ್ಯಲೇಬೇಕು. ಇಷ್ಟು ಹತ್ತಿರ ಇದ್ದೂ ನಮ್ಮೂರಿನ ಬಹಳ ಜನ ಅಲ್ಲಿನ ರಾಮಪತ್ರೆ ಜಡ್ಡಿ (ಜೌಗು ಕಾಡು) ನೋಡಿಲ್ಲ. ನಿಂತ ನೀರಲ್ಲಿ ಬೇರಿಗೆ ಉಸಿರು ಸಾಲದು. ಅದಕ್ಕೆ ಮರಗಳು ಬೇರನ್ನು ಮಂಡಿ ಮಡಚಿದ ಹಾಗೆ ಕೆಸರಿನಿಂದ ಮೇಲೆತ್ತಿರುತ್ತವೆ. ಗೇರಿನ ಕುಟುಂಬದ ಒಂದು ಮರವನ್ನು ಹೊಸ ಜಾತಿ ಎಂದು 2000ದಲ್ಲಿ ಗುರುತಿಸಿ, ಕತ್ತಲೆಕಾನಿನ ಹೆಸರನ್ನೇ ಇಟ್ಟಿದ್ದಾರೆ. ಸಿಂಗಳೀಕ ಕಂಡರೆ ಅದೃಷ್ಟ. ಸಿರ್ಸಿ ಕಡೆಯ ಸಾಲ್ಕಣಿಗೂ ಒಂದು ಪ್ರವಾಸ ಇದೆ. 1983ರ ಸೆಪ್ಟೆಂಬರ್ 8ರಂದು ಅಲ್ಲಿನ ಊರಿನವರು ಕಳಸೆ ಕಾಡಿಗೆ ಹೋಗಿ ಮರಗಳನ್ನು ಅಪ್ಪಿ ನಿಂತರು, ಅಪ್ಪಿಕೋ ಚಳವಳಿ ಶುರುವಾದದ್ದು ಹಾಗೆ. ಆ ದಿನವನ್ನು ಕಂಡವರ ಬಾಯಿಂದಲೇ ಮಕ್ಕಳು ಅದನ್ನು ಕೇಳಬೇಕು ಎಂಬ ಆಸೆ ನಮ್ಮದು. ವರ್ಷಕ್ಕೆ ಒಟ್ಟು ಆರು ಪ್ರವಾಸ, ಟೆಂಪೋ ಬಾಡಿಗೆ ಒಂದಕ್ಕೆ 6,000. ಅರಣ್ಯ ಇಲಾಖೆಯ ಅನುಮತಿ ಇಲ್ಲದೆ, ಗಾರ್ಡ್ ಜೊತೆಗಿಲ್ಲದೆ ಎಲ್ಲಿಗೂ ಹೋಗುವುದಿಲ್ಲ.

ಪಾಲಕರಿಗೆ ಇರುವ ಭಯ ನಮಗೂ ಇದೆ. ಮಂಗನ ಕಾಯಿಲೆ ಮೊದಲು ಪತ್ತೆಯಾದದ್ದು ಪಕ್ಕದ ಸೊರಬ ತಾಲೂಕಿನ ಕ್ಯಾಸನೂರಿನಲ್ಲಿ, 1957ರಲ್ಲಿ. ಇಂದಿಗೂ ನಮ್ಮ ಸೀಮೆಯನ್ನು ಬಿಟ್ಟಿಲ್ಲ. ಅದನ್ನು ಹರಡುವ ಉಣುಗಿನ (ಉಣ್ಣೆ ಹುಳದ) ಕಾಟ ಡಿಸೆಂಬರಿನಿಂದ ಮೇವರೆಗೆ ಜಾಸ್ತಿ. ಆದ್ದರಿಂದ ಕಾಡಿನೊಳಗಿನ ಪಾಠವೆಲ್ಲ ಸೆಪ್ಟೆಂಬರಿನಿಂದ ನವೆಂಬರ್ ಒಳಗೆ ಮುಗಿಯುತ್ತದೆ. ಆಮೇಲೆ ಪಾಠ ಕಾಂಪೌಂಡಿನ ಒಳಗೇ. ಕಾಡಿನ ಬೆಂಕಿ ಹರಡದಂತೆ ನೆಲ ಸವರಿ ಬೆಂಕಿ ರೇಖೆ ಹೇಗೆ ಮಾಡುತ್ತಾರೆ ಎನ್ನುವುದನ್ನೂ ಜನವರಿಯಲ್ಲಿ ಶಾಲೆಯ ಬೇಲಿ ಪಕ್ಕದಲ್ಲೇ ತೋರಿಸುತ್ತೇವೆ. ಹಾವಿಗೆ ಗಂಬೂಟು. ಉಂಬಳಕ್ಕೆ (ಜಿಗಣೆಗೆ) ಉಪ್ಪು, ಸುಣ್ಣ, ಮತ್ತು ಸ್ವಲ್ಪ ಧೈರ್ಯ. ಅದಕ್ಕಿಂತ ದೊಡ್ಡ ಔಷಧಿ ನಮ್ಮ ಹತ್ತಿರವೂ ಇಲ್ಲ.

40 ಮಕ್ಕಳಿಗೆ ಗಂಬೂಟು, ರೇನ್‌ಕೋಟು ಸೇರಿ 40,000. ಇವು ಶಾಲೆಯಲ್ಲೇ ಉಳಿಯುತ್ತವೆ, ಹಾಗಾಗಿ ಮುಂದಿನ ವರ್ಷ ಈ ಖರ್ಚು ಬಹಳ ಕಡಿಮೆ. ನರ್ಸರಿಗೆ ನೆರಳು ಬಲೆ, ಚೀಲ, ಗೊಬ್ಬರ, ಪೈಪು ಎಲ್ಲ ಸೇರಿ 29,000. ಅಳತೆ ಟೇಪು, ಮರದ ಪುಸ್ತಕಗಳು, ಎರಡು ಬೈನಾಕ್ಯುಲರ್‌ಗೆ 20,000. ಗೌರವಧನ 45,000 ಮತ್ತು ಟೆಂಪೋದ 36,000 ಸೇರಿಸಿದರೆ ಮೊದಲು ಹೇಳಿದ ಮೊತ್ತ ಬರುತ್ತದೆ. ಸಾವಿರ ಕೊಟ್ಟರೆ ಒಂದು ಮಗುವಿನ ಗಂಬೂಟು, ರೇನ್‌ಕೋಟು ಆಯಿತು. ಒಂದೂವರೆ ಸಾವಿರಕ್ಕೆ ಒಬ್ಬ ಅಜ್ಜಿಯ ಒಂದು ದಿನದ ಪಾಠ. ನೂರು ರೂಪಾಯಿಗೂ ರಸೀದಿ ಕೊಡುತ್ತೇವೆ.

ದಾನಿಗಳ ಹೆಸರನ್ನು ಕಲ್ಲಿನಲ್ಲಿ ಕೆತ್ತಿಸುವುದಿಲ್ಲ, ಆ ಕಲ್ಲಿನ ದುಡ್ಡಿಗೆ ಇನ್ನೆರಡು ಜೊತೆ ಬೂಟು ಬರುತ್ತದೆ. ಜಮಾ ಖರ್ಚನ್ನು ಮೂರು ತಿಂಗಳಿಗೊಮ್ಮೆ ಶಾಲೆಯ ನೋಟಿಸ್ ಬೋರ್ಡಿಗೂ ಸಂಘದ ವಾಟ್ಸಾಪ್ ಗ್ರೂಪಿಗೂ ಹಾಕುತ್ತೇವೆ. ಸಂಘಕ್ಕೆ 80ಜಿ ನೋಂದಣಿ ಇನ್ನೂ ಆಗಿಲ್ಲ, ಆದ್ದರಿಂದ ತೆರಿಗೆ ವಿನಾಯಿತಿ ಸಿಗುವುದಿಲ್ಲ. ಹೊರದೇಶದಲ್ಲಿ ಇರುವವರಿಗೆ ಒಂದು ಮಾತು. ನಿಮ್ಮದು ಭಾರತದ ಪಾಸ್‌ಪೋರ್ಟ್ ಆಗಿದ್ದರೆ ಬ್ಯಾಂಕಿನ ಮೂಲಕ ಕಳಿಸಬಹುದು. ಬೇರೆ ದೇಶದ ಪೌರತ್ವ ಪಡೆದವರಿಂದ ಹಣ ತೆಗೆದುಕೊಳ್ಳಲು ನಮಗೆ ಕಾನೂನಿನ ಅನುಮತಿ ಇಲ್ಲ, ದಯವಿಟ್ಟು ಬೇಸರ ಮಾಡಿಕೊಳ್ಳಬೇಡಿ. ಊರಿಗೆ ಬಂದಾಗ ಒಂದು ದಿನ ಮಕ್ಕಳ ಜೊತೆ ಕಾಡಿಗೆ ಬನ್ನಿ.

ಹಣವೇ ಆಗಬೇಕೆಂದಿಲ್ಲ. ಹಳೆ ಬೈನಾಕ್ಯುಲರ್, ತೋಟದ ಗೊಬ್ಬರ, ನಿಮ್ಮ ಬೆಟ್ಟದ ಒಳ್ಳೆ ತಾಯಿಮರದ ಬೀಜ, ಎಲ್ಲವೂ ಬೇಕು. ಖಾತೆ ವಿವರ ಮುಖ್ಯಾಧ್ಯಾಪಕರ ಹತ್ತಿರ ಮತ್ತು ಸಂಘದ ಗ್ರೂಪಿನಲ್ಲಿ ಸಿಗುತ್ತದೆ. ಮೇ 20ರ ಒಳಗೆ ಕೊಟ್ಟರೆ ತುಂಬಾ ಅನುಕೂಲ. ಮಳೆ ಹಿಡಿದ ಮೇಲೆ ಗೊಬ್ಬರದ ಲಾರಿ ನಮ್ಮ ಶಾಲೆಯ ಏರು ಹತ್ತುವುದಿಲ್ಲ.

ಇಂತಿ,
ಶಾಲಾಭಿವೃದ್ಧಿ ಸಮಿತಿ ಮತ್ತು ಹಳೆ ವಿದ್ಯಾರ್ಥಿ ಸಂಘ