ನೀರಿನ ಬಾಟಲಿಗೆ ಹೆದರುವ ಕಚೇರಿ

ಮಾನ್ಯ ಸಂಪಾದಕರೇ,

ಭಾನುವಾರ ತುಮಕೂರಿನ ಕ್ಯಾತ್ಸಂದ್ರದ ಆಚೆಯ ಮೈದಾನದಲ್ಲಿ ನಡೆಯಬೇಕಿದ್ದ ಮಕ್ಕಳ ನೀರಿನ ಬಾಟಲಿ ರಾಕೆಟ್ ಪ್ರಾತ್ಯಕ್ಷಿಕೆ ನಿಂತುಹೋದ ಸುದ್ದಿ ನಿಮ್ಮ ಪತ್ರಿಕೆಯಲ್ಲಿ ಬಂದಿದೆ. ‘ಸುರಕ್ಷತೆಯ ಕಾರಣಕ್ಕೆ ರದ್ದು’ ಎಂದು ಬರೆದಿದ್ದೀರಿ. ಅದು ಅಧಿಕಾರಿ ಹೇಳಿದ ಮಾತು. ಮಧುಗಿರಿ, ಕೊರಟಗೆರೆ, ಶಿರಾ ಕಡೆಯಿಂದ ಮೊದಲ ಬಸ್ಸಿಗೇ ಹೊರಟು ಬಂದ ಮಕ್ಕಳು ಒಂಬತ್ತರಿಂದ ಹನ್ನೆರಡೂವರೆವರೆಗೆ ನೆರಳಿಲ್ಲದ ಬಯಲಲ್ಲಿ ಕೂತಿದ್ದು ಸುದ್ದಿಯಲ್ಲಿಲ್ಲ. ಕುಡಿಯಲು ತರಿಸಿದ್ದ ಕ್ಯಾನ್ ನೀರು ಹನ್ನೊಂದಕ್ಕೇ ಮುಗಿಯಿತು. ಮೈಕಿನವರಿಗೂ ಟೆಂಪೊದವರಿಗೂ ಪೂರ್ತಿ ಬಾಡಿಗೆ ಕೊಡಬೇಕಾಯಿತು. ಮೈದಾನ ಕೇಳಿ ಹದಿನೈದು ದಿನ ಮೊದಲೇ ಕೊಟ್ಟ ಅರ್ಜಿಗೆ ಆಗುತ್ತದೆ ಎಂದೂ ಬರೆಯಲಿಲ್ಲ, ಆಗುವುದಿಲ್ಲ ಎಂದೂ ಬರೆಯಲಿಲ್ಲ. ಕೊನೆಗೆ ಫೋನಿನಲ್ಲಿ ಒಂದು ‘ಬೇಡ’.

ಕಾರಣ ಕೇಳಿದ್ದಕ್ಕೆ ಆ ಅಧಿಕಾರಿಯಿಂದ ಬಂದ ಉತ್ತರ: “ರೀ, ಅಮೆರಿಕದ ಕೋಟ್ಯಧಿಪತಿ ಕಂಪನಿ ರಾಕೆಟ್ಟೇ ಮೇಲೆ ಹೋಗಿ ಕೆಟ್ಟುಹೋಯ್ತು. ಸ್ಕೂಲ್ ಹುಡುಗರದ್ದಕ್ಕೆ ಏನ್ರೀ ಗ್ಯಾರಂಟಿ?”

ಅವರು ಹೇಳಿದ್ದು ಬ್ಲೂ ಒರಿಜಿನ್ ಕಂಪನಿಯ ನ್ಯೂ ಶೆಪರ್ಡ್ ರಾಕೆಟ್ಟನ್ನು. 2022ರ ಸೆಪ್ಟೆಂಬರ್ 12ರಂದು ಅದು ಹಾರಿದ ಸುಮಾರು ಒಂದು ನಿಮಿಷಕ್ಕೆ ಎಂಜಿನ್ನಿನ ನಾಸಲ್, ಅಂದರೆ ಬಿಸಿ ಅನಿಲ ಹೊರನುಗ್ಗುವ ಕೊಳವೆ, ಅಂದಾಜಿಗಿಂತ ಹೆಚ್ಚು ಕಾದು ಮುರಿಯಿತು; ಕೆಳಗಿನಿಂದ ನೂಕಿ ಮತ್ತೆ ನೆಲಕ್ಕಿಳಿಯಬೇಕಾದ ಭಾಗ, ಬೂಸ್ಟರ್, ನಾಶವಾಯಿತು. ನಿಜ. ಅದೇ ಗಳಿಗೆಯಲ್ಲಿ ತುದಿಯಲ್ಲಿದ್ದ, ಜನ ಕೂರುವ ಕ್ಯಾಪ್ಸೂಲ್ ತನ್ನದೇ ಘನ ಇಂಧನದ ಮೋಟಾರು ಹೊತ್ತಿಸಿಕೊಂಡು ಪಕ್ಕಕ್ಕೆ ಹಾರಿ, ಪ್ಯಾರಾಚೂಟ್ ಬಿಚ್ಚಿಕೊಂಡು ಇಳಿಯಿತು. ಅವತ್ತು ಒಳಗೆ ಜನರಿರಲಿಲ್ಲ; ಇದ್ದಿದ್ದರೂ ಬದುಕುತ್ತಿದ್ದರು. ಹೀಗೆ ಪಾರಾಗುವುದು ಅದೃಷ್ಟದ ಮಾತಲ್ಲ. 2016ರ ಅಕ್ಟೋಬರ್ 5ರಂದೇ, ಏರುತ್ತಿರುವ ರಾಕೆಟ್ಟಿನ ಮೇಲೆ ಗಾಳಿಯ ಒತ್ತಡ ಅತಿ ಹೆಚ್ಚಿರುವಾಗ ಬೇಕೆಂದೇ ಕ್ಯಾಪ್ಸೂಲನ್ನು ಕಿತ್ತು ಹಾರಿಸಿ ನೋಡಿದ್ದರು. ಆ ವರ್ಷದ ಜೂನ್‌ನಲ್ಲಿ ಮೂರು ಪ್ಯಾರಾಚೂಟ್‌ಗಳಲ್ಲಿ ಒಂದನ್ನು ಬೇಕೆಂದೇ ಕೆಡಿಸಿ, ಎರಡರಲ್ಲೇ ಇಳಿಯುತ್ತದೆಯೇ ಎಂದೂ ನೋಡಿದ್ದರು. ಇಳಿಯಿತು. 2022ರ ಅವಘಡದ ಮೇಲೆ ಒಂದು ವರ್ಷಕ್ಕೂ ಹೆಚ್ಚು ಹಾರಾಟ ನಿಲ್ಲಿಸಿ, ನಾಸಲ್ ಏಕೆ ಕಾದಿತು ಎಂದು ಹುಡುಕಿ, ವಿನ್ಯಾಸ ತಿದ್ದಿ, 2023ರ ಡಿಸೆಂಬರ್ 19ರಂದು ಮತ್ತೆ ಹಾರಿಸಿದರು. ಸುರಕ್ಷತೆ ಅಂದರೆ ಇದು. ಫೋನಿನಲ್ಲಿ ‘ಬೇಡ’ ಅನ್ನುವುದಕ್ಕೆ ಆ ಹೆಸರಿಡಬೇಡಿ.

ಆ ಕಂಪನಿ ಶುರುವಾಗಿದ್ದು 2000ದಲ್ಲಿ, ಹಣ ಅಮೆಜಾನ್ ಸ್ಥಾಪಕ ಜೆಫ್ ಬೆಜೋಸ್ ಅವರ ಸ್ವಂತದ್ದು. ನ್ಯೂ ಶೆಪರ್ಡ್ ಮೊದಲು ಹಾರಿದ್ದು 2015ರ ಏಪ್ರಿಲ್ 29ರಂದು. ಕ್ಯಾಪ್ಸೂಲ್ 93.5 ಕಿ.ಮೀ. ಏರಿ ಸರಿಯಾಗಿಯೇ ಇಳಿಯಿತು. ಇಳಿಯುವಾಗ ಹೈಡ್ರಾಲಿಕ್ ಒತ್ತಡ ಸೋರಿಹೋಗಿದ್ದರಿಂದ ಬೂಸ್ಟರ್ ಕೈಗೆ ಸಿಗಲಿಲ್ಲ. ಅಷ್ಟಕ್ಕೇ ಶೆಡ್ಡಿಗೆ ಬೀಗ ಹಾಕಿಕೊಂಡು ಹೋಗಿದ್ದರೆ ಏಳು ತಿಂಗಳ ಮೇಲೆ, ನವೆಂಬರ್ 23ರಂದು, 100.5 ಕಿ.ಮೀ. ಏರಿದ ಬೂಸ್ಟರ್ ಟೆಕ್ಸಸ್‌ನ ಬಯಲಿನಲ್ಲಿ ನಾಲ್ಕು ಕಾಲೂರಿ ನಿಲ್ಲುತ್ತಿರಲಿಲ್ಲ. ಆ ಇಳಿತದ ಲೆಕ್ಕವನ್ನು ನಮ್ಮ ಮಕ್ಕಳಿಗೆ ಬೋರ್ಡಿನ ಮೇಲೆ ಬಿಡಿಸಿ ತೋರಿಸಿದ್ದೆವು. ನೆಲದಿಂದ ಒಂದೂವರೆ ಕಿ.ಮೀ. ಎತ್ತರದಲ್ಲಿ ಎಂಜಿನ್ ಮತ್ತೆ ಹೊತ್ತಿಕೊಳ್ಳುತ್ತದೆ. ಏರುವಾಗ ಸುಮಾರು 50 ಟನ್ ನೂಕುವ ಎಂಜಿನ್ ಅದು. ಇಳಿಯುವ ಹೊತ್ತಿಗೆ ಟ್ಯಾಂಕು ಹೆಚ್ಚುಕಡಿಮೆ ಖಾಲಿ, ರಾಕೆಟ್ ಹಗುರ. ಪೂರ್ತಿ ನೂಕಿದರೆ ಮತ್ತೆ ಮೇಲಕ್ಕೇ ಹೋದೀತು. ಅದಕ್ಕೇ 9 ಟನ್‌ವರೆಗೂ ತಗ್ಗಿಸಬಲ್ಲ ಎಂಜಿನ್ ಕಟ್ಟಿದರು. ಕೊನೆಯ 30 ಮೀಟರ್ ಇಳಿದದ್ದು ಗಂಟೆಗೆ 7 ಕಿ.ಮೀ. ವೇಗದಲ್ಲಿ, ಸೈಕಲ್ಲಿಗಿಂತ ನಿಧಾನ. ಎರಡೇ ತಿಂಗಳಲ್ಲಿ, 2016ರ ಜನವರಿ 22ರಂದು, ಅದೇ ಬೂಸ್ಟರ್ ಮತ್ತೆ ಹಾರಿತು. ಆಗ ಇಳಿಯುವ ಸಾಫ್ಟ್‌ವೇರನ್ನೂ ತಿದ್ದಿದ್ದರು. ಅಂಗಳದ ನಟ್ಟನಡುವೆಯೇ ಇಳಿಯಬೇಕೆಂಬ ಹಟ ಬಿಟ್ಟು, ಕೊನೆಗಳಿಗೆಯಲ್ಲಿ ಅನುಕೂಲವಾದ ಕಡೆ ನೆಟ್ಟಗೆ ಕಾಲೂರಿದರೆ ಸಾಕು ಎಂದು. ಅಷ್ಟು ಸಣ್ಣ ಬದಲಾವಣೆಯಿಂದ ಎಷ್ಟು ಓಲಾಟ ತಪ್ಪುತ್ತದೆ ಎಂದು ಹೇಳಿದಾಗ ಒಂಬತ್ತನೇ ತರಗತಿಯ ಹುಡುಗಿಯರ ಕಣ್ಣು ಅರಳಿದ್ದನ್ನು ಆ ಅಧಿಕಾರಿ ಬಂದು ನೋಡಬೇಕಿತ್ತು.

ಇನ್ನು ನಾವು ಹಾರಿಸಲು ಹೊರಟಿದ್ದೇನು? ಎರಡು ಲೀಟರಿನ ಸೋಡಾ ಬಾಟಲಿ. ಮೂರನೇ ಒಂದು ಪಾಲು, ಅಂದರೆ 650 ಮಿ.ಲೀ. ಆಸುಪಾಸು ನೀರು. ಹೆಚ್ಚಾದರೆ ಭಾರಕ್ಕೆ ಏರುವುದಿಲ್ಲ, ಕಡಿಮೆಯಾದರೆ ನೂಕುವುದಕ್ಕೆ ನೀರೇ ಸಾಲದು. ಬಾಟಲಿಯ ಬಾಯಿಗೆ ಕೂರುವ ಅರ್ಧ ಇಂಚಿನ ಪಿವಿಸಿ ಪೈಪು, ಅದಕ್ಕೆ ಗ್ರೀಸ್ ಸವರಿದ ಓ-ರಿಂಗ್ ಎಂಬ ರಬ್ಬರ್ ಬಳೆ. ಒಣಗಿದ ರಿಂಗಾದರೆ ಅಲ್ಲೇ ಗಾಳಿ ಸೋರುತ್ತದೆ. ಗೇಜು ಇರುವ ಸೈಕಲ್ ಪಂಪಿನಲ್ಲಿ 60 ಪಿಎಸ್‌ಐ (ಒತ್ತಡದ ಅಳತೆ) ಗಾಳಿ. ಲಾರಿ ಟಯರಿಗೆ 100ಕ್ಕೂ ಹೆಚ್ಚು ತುಂಬುತ್ತಾರೆ, ಅದು ಬಿ.ಎಚ್. ರಸ್ತೆಯ ಅಂಚಿನಲ್ಲೇ ದಿನವೂ ನಡೆಯುತ್ತದೆ. ಪ್ರತಿ ಬಾಟಲಿಯನ್ನೂ ಮೊದಲು ಬಾಯಿಮಟ್ಟ ನೀರು ತುಂಬಿ 90 ಪಿಎಸ್‌ಐಗೆ ಪರೀಕ್ಷಿಸಿದ್ದೆವು. ನೀರು ಗಾಳಿಯ ಹಾಗೆ ಕುಗ್ಗುವುದಿಲ್ಲವಾದ್ದರಿಂದ ಬಾಟಲಿ ಬಿರಿದರೂ ಚೂರು ಸಿಡಿಯುವುದಿಲ್ಲ. ತಳದಲ್ಲಿ ಬಿಳಿ ಗೆರೆ, ಅಂದರೆ ಪ್ಲಾಸ್ಟಿಕ್ ಸೋತ ಗುರುತು, ಕಂಡ ಮೂರು ಬಾಟಲಿ ಬಿಸಾಡಿದೆವು. ನೆಟ್ಟಗೆ ಹಾರುತ್ತದೆಯೇ ಎಂದು ನೋಡಲು, ತೂಕ ಸಮವಾಗುವ ಕಡೆ ದಾರ ಕಟ್ಟಿ ತಲೆಯ ಮೇಲೆ ಗಿರಗಿರ ಬೀಸಿ, ಮೂತಿ ಮುಂದಾಗಿ ತಿರುಗಿದ್ದನ್ನು ಮಾತ್ರ ಇಟ್ಟುಕೊಂಡೆವು. ಅಡ್ಡಾದಿಡ್ಡಿ ತಿರುಗಿದ್ದಕ್ಕೆ ಮೂತಿಯಲ್ಲಿ ಜೇಡಿಮಣ್ಣು ಮೆತ್ತಿ ಮತ್ತೆ ಬೀಸಿದೆವು. ದೂರ ನಿಂತು ಎಳೆದು ರಾಕೆಟ್ ಬಿಡುವ ಹಗ್ಗ 15 ಮೀಟರ್. ಬೆಂಕಿ ಇಲ್ಲ, ಮದ್ದಿಲ್ಲ. ಇದೆಲ್ಲ ಅರ್ಜಿಯ ಜೊತೆ ನಾಲ್ಕು ಪುಟ ಬರೆದು ಲಗತ್ತಿಸಿತ್ತು. ಯಾರೂ ಓದಲಿಲ್ಲ. ‘ರಾಕೆಟ್’ ಎಂಬ ಒಂದು ಪದ ಓದಿದರು.

ಇದು ಮೊದಲ ಸಲವೂ ಅಲ್ಲ. ಗ್ರಹಣದ ರಾತ್ರಿ ಮೈದಾನದ ಎರಡು ಹೈಮಾಸ್ಟ್ ದೀಪ ಅರ್ಧ ಗಂಟೆ ಆರಿಸಿ ಎಂದು ಕೇಳಿದ್ದೆವು, ಆರಿಸಲಿಲ್ಲ. ಅದೇ ದೀಪ ಕೆಟ್ಟಾಗ ತಿಂಗಳುಗಟ್ಟಲೆ ರಿಪೇರಿಯಿಲ್ಲ. ಶಾಲೆಗಳಿಗೆ ಬಂದ ವಿಜ್ಞಾನದ ಪೆಟ್ಟಿಗೆಗಳು ಸೀಲು ಒಡೆಯದೆ ಬೀರುವಿನಲ್ಲಿವೆ. ಆ ಮೈದಾನಕ್ಕೆ ಹೋಗುವ ದಾರಿ ಪೈಪಿಗೆಂದು ಅಗೆದದ್ದು ಇನ್ನೂ ಮುಚ್ಚಿಲ್ಲ, ಮಕ್ಕಳು ಬಾಟಲಿ, ಪಂಪು ಹೊತ್ತುಕೊಂಡು ಆ ಮಣ್ಣಿನಲ್ಲೇ ನಡೆದರು. ಅದು ಯಾರಿಗೂ ಅಪಾಯವಾಗಿ ಕಾಣಲಿಲ್ಲ.

ಗುಬ್ಬಿಯ ಬಿದರೆಹಳ್ಳ ಕಾವಲಿನಲ್ಲಿ ಎಚ್‌ಎಎಲ್ ಹೆಲಿಕಾಪ್ಟರ್ ಕಾರ್ಖಾನೆ 2023ರಲ್ಲೇ ಉದ್ಘಾಟನೆಯಾಗಿದೆ. ಪಕ್ಕದ ಚಿತ್ರದುರ್ಗ ಜಿಲ್ಲೆಯಲ್ಲಿ ಇಸ್ರೊದ, ಮತ್ತೆ ಮತ್ತೆ ಬಳಸಲೆಂದು ಕಟ್ಟುತ್ತಿರುವ ರೆಕ್ಕೆಯ ಬಾಹ್ಯಾಕಾಶ ವಾಹನದ ಮಾದರಿ, 2023ರ ಏಪ್ರಿಲ್ 2ರಂದು, ಹೆಲಿಕಾಪ್ಟರಿನಿಂದ ನಾಲ್ಕೂವರೆ ಕಿ.ಮೀ. ಎತ್ತರದಲ್ಲಿ ಬಿಡಿಸಿಕೊಂಡು ತಾನಾಗಿಯೇ ರನ್‌ವೇ ಹುಡುಕಿ ಇಳಿಯಿತು. 2024ರಲ್ಲಿ ಇನ್ನೆರಡು ಸಲ ಇಳಿಯಿತು. ಅಲ್ಲಿಗೆ ಕೆಲಸಕ್ಕೆ ಹೋಗಬೇಕಾದವರು ಯಾರ ಮಕ್ಕಳು? ಭಾನುವಾರ ಬಿಸಿಲಲ್ಲಿ ಕೂತವರೇ ಅಲ್ಲವೇ?

ಮೈದಾನ ಕೊಡಿ. ಕೊಡುವುದಿಲ್ಲವಾದರೆ ಯಾವ ನಿಯಮದ ಪ್ರಕಾರ ಎಂದು ಬರೆದು, ಸಹಿ ಹಾಕಿ ಕೊಡಿ. ಅರ್ಜಿ ಓದಲು ಬರುವವರನ್ನು ಆ ಕುರ್ಚಿಗೆ ಹಾಕಿ, ಇಲ್ಲವೇ ಮಕ್ಕಳ ವಿಷಯವನ್ನಾದರೂ ಅವರ ಕೈಯಿಂದ ತೆಗೆಯಿರಿ. ಜಿಲ್ಲೆಯ ಹಿರಿಯರು ಯಾರಾದರೂ ಇದನ್ನು ವಿಚಾರಿಸಬೇಕು. ಹನ್ನೆರಡೂವರೆಗೆ ಮಾಡಿದ ಫೋನನ್ನು ಶನಿವಾರವೇ ಮಾಡಿದ್ದರೆ ಶಿರಾದ ಮಕ್ಕಳು ಮನೆಯಲ್ಲಾದರೂ ಇರುತ್ತಿದ್ದರು. ಅಷ್ಟೂ ತಿಳಿಯದೇ?

ಇತಿ,
ಪ್ರಾತ್ಯಕ್ಷಿಕೆ ಏರ್ಪಡಿಸಿದ್ದ ವಿಜ್ಞಾನ ಶಿಕ್ಷಕರು,
ತುಮಕೂರು