ಹಸಿರು ಚೌಕದ ಋಣ

ಕಳೆದ ಸೋಮವಾರ ನನ್ನ ಪಿಎಚ್‌ಡಿ ಮೌಖಿಕ ಪರೀಕ್ಷೆ ಮುಗಿಯಿತು. ವಿಷಯ ಓಎಲ್‌ಇಡಿ, ಅಂದರೆ ವಿದ್ಯುತ್ ಹರಿದರೆ ತಾವೇ ಬೆಳಗುವ ಸಾವಯವ (ಇಂಗಾಲ ಮೂಲದ) ಅರೆವಾಹಕಗಳ ತೆಳುಪದರಗಳು. 1987ರಲ್ಲಿ ಕೊಡಾಕ್ ಕಂಪನಿಯ ಚಿಂಗ್ ಟ್ಯಾಂಗ್ ಮತ್ತು ಸ್ಟೀವನ್ ವ್ಯಾನ್ ಸ್ಲೈಕ್ ಇಂಥ ಎರಡು ಪದರಗಳನ್ನು ಒಂದರ ಮೇಲೊಂದು ಕೂರಿಸಿ, 10 ವೋಲ್ಟ್‌ಗಿಂತ ಕಡಿಮೆಯಲ್ಲಿ ಹಸಿರು ಬೆಳಕು ಪಡೆದರು. ಕೈ ಪಳಗಲೆಂದು ನಾನು ಮೊದಲು ಮಾಡಿದ್ದೂ ಅದನ್ನೇ. ಹತ್ತಲು ಎಂಟು ತಿಂಗಳು ಬೇಕಾಯಿತು.

ಪದರಗಳು ಕೂರುವ ಗಾಜನ್ನು ತೊಳೆಯುವುದನ್ನು ಕಲಿಸಿದ ಹಿರಿಯ ಸಹಪಾಠಿ ಅಕ್ಕನಿಗೆ ಮೊದಲ ವಂದನೆ. ಸಾಬೂನು ನೀರು, ಅಸಿಟೋನ್, ಐಸೊಪ್ರೊಪೈಲ್ ಆಲ್ಕೋಹಾಲ್, ಕೊನೆಗೆ ಓಝೋನ್. "ನಿನ್ನ ಪದರಗಳೆಲ್ಲ ಸೇರಿದರೂ ನೂರು ನ್ಯಾನೋಮೀಟರ್. ಕಣ್ಣಿಗೆ ಕಾಣದ ಧೂಳೂ ಅದಕ್ಕೆ ಬೆಟ್ಟ" ಎನ್ನುತ್ತಿದ್ದರು.

ಮೂರನೆಯ ವರ್ಷ, ಗಾಳಿ ಹೊರತೆಗೆದು ಪದರಗಳನ್ನು ಕೂರಿಸುವ ನಿರ್ವಾತ ಕೋಶ ಕೈಕೊಟ್ಟಿತು. ಒತ್ತಡ ಮಿಲಿಬಾರಿನ ಹತ್ತು ಲಕ್ಷದಲ್ಲೊಂದು ಭಾಗಕ್ಕೆ ಇಳಿಯಬೇಕು. ಅದರ ನೂರು ಪಟ್ಟಿನಲ್ಲೇ ನಿಂತುಬಿಟ್ಟಿತು. ಏಳು ವಾರ ಒಂದು ಪದರವನ್ನೂ ಕೂರಿಸಲಾಗಲಿಲ್ಲ. ಬಿಟ್ಟು ಊರಿಗೆ ಹೋಗಿಬಿಡೋಣವೆನ್ನಿಸಿದ್ದು ಆಗಲೇ. ವರ್ಕ್‌ಶಾಪಿನ ಅಣ್ಣ ತಮ್ಮ ಕೆಲಸ ಮುಗಿದ ಮೇಲೆ ಬಂದು, ಒಂದೊಂದೇ ಜೋಡಣೆಗೆ ಆಲ್ಕೋಹಾಲ್ ಸಿಂಪಡಿಸಿ ಮಾಪಕದ ಮುಳ್ಳು ನೋಡುತ್ತಿದ್ದರು. ನಾಲ್ಕನೆಯ ಸಂಜೆ ಬಾಗಿಲಿನ ರಬ್ಬರ್ ಉಂಗುರದ ಮೇಲೆ ಒಂದು ತಲೆಗೂದಲು ಸಿಕ್ಕಿತು. ಅದು ನನ್ನದೇ ಇದ್ದಿರಬೇಕು. ಅವರು ಯಾರದೆಂದು ಕೇಳಲಿಲ್ಲ. ಉಂಗುರವನ್ನು ಒರೆಸಿ ಕೂರಿಸಿ, "ರಾತ್ರಿಯಿಡೀ ಪಂಪ್ ಓಡಲಿ ತಾಯಿ, ನೀನು ಊಟ ಮಾಡು" ಎಂದರು. ಅಣ್ಣಾ, ನನ್ನ ಪ್ರಬಂಧದ ಪ್ರತಿ ಪುಟದಲ್ಲೂ ಆ ನಾಲ್ಕು ಸಂಜೆಗಳಿವೆ.

ಕಪ್ಪು ಚುಕ್ಕೆ ಬಿದ್ದು ಸತ್ತ ಸಾಧನಗಳನ್ನು ಲೆಕ್ಕದಿಂದ ಬಿಡಲು ಹೊರಟಾಗ ಮಾರ್ಗದರ್ಶಕರು ತಡೆದರು. "ಅವನ್ನೇ ಮೊದಲು ಎಣಿಸು" ಎಂದರು. ಲೋಹದ ಪದರದ ಸೂಜಿಮೊನೆಯಂಥ ರಂಧ್ರಗಳಿಂದ ತೇವ ನುಸುಳಿ ಚುಕ್ಕೆ ಹಬ್ಬುವುದನ್ನು ಎಣಿಸುತ್ತ ಹೋದದ್ದೇ ನನ್ನ ಮೂರನೆಯ ಅಧ್ಯಾಯವಾಯಿತು. ಸರ್, ಆ ಮಾತಿಗೆ ನಾನು ಋಣಿ.

ಅಮ್ಮ ಪ್ರತಿ ರಾತ್ರಿ ಫೋನಿನಲ್ಲಿ ಕೇಳುತ್ತಿದ್ದದ್ದು ಒಂದೇ: "ಇವತ್ತು ದೀಪ ಹತ್ತಿತೇ?" ಈ ಭಾನುವಾರ ಬೆರಳುಗುರಿನಷ್ಟೂ ಇಲ್ಲದ ಒಂದು ಹಸಿರು ಚೌಕವನ್ನು ಊರಿಗೆ ಒಯ್ಯುತ್ತಿದ್ದೇನೆ. ಮೇಲೆ ಗಾಜು ಮುಚ್ಚಿ ಅಂಟು ಹಾಕಿದ್ದರೂ ಅಂಚಿನಿಂದ ತೇವ ಒಳಗೆ ಬರುತ್ತಲೇ ಇರುತ್ತದೆ. ಚುಕ್ಕೆಗಳು ಹಬ್ಬುವ ಮೊದಲೇ, ಕೋಣೆಯ ಕಿಟಕಿ ಮುಚ್ಚಿ, ಅಮ್ಮನ ಅಂಗೈ ಮೇಲೆ ಅದನ್ನು ಹೊತ್ತಿಸಬೇಕು.