ಫೈಲ್ ಸಿಸ್ಟಮ್ ರಿಪೇರಿಗೆ ಮೊದಲು ರ‍್ಯಾಮ್ ನೋಡಿ

ಮಾನ್ಯ ಸಂಪಾದಕರೇ,

ಮನೆಯಲ್ಲೇ ಸರ್ವರ್ ಇಟ್ಟುಕೊಳ್ಳುವ ಬಗ್ಗೆ ನಿಮ್ಮ ತಂತ್ರಜ್ಞಾನ ಪುಟದಲ್ಲಿ ಬಂದ ಬರಹ ಓದಿದೆ. ಚೆನ್ನಾಗಿತ್ತು. ಆದರೆ ಒಂದು ಸಲಹೆ ಮಾತ್ರ ಮನಸ್ಸಿಗೆ ಚುಚ್ಚಿತು. ಸರ್ವರ್ ಪದೇ ಪದೇ ನಿಂತುಹೋದರೆ ಡಿಸ್ಕಿನಲ್ಲಿ ಫೈಲುಗಳನ್ನು ಜೋಡಿಸಿಡುವ ವ್ಯವಸ್ಥೆಯನ್ನು, ಅಂದರೆ ಫೈಲ್ ಸಿಸ್ಟಮ್ಮನ್ನು, ಪರೀಕ್ಷಿಸಿ ರಿಪೇರಿ ಮಾಡುವ ಎಫ್‌ಎಸ್‌ಸಿಕೆ (fsck) ಓಡಿಸಿ, ಕೇಳಿದ್ದಕ್ಕೆಲ್ಲ 'ಎಸ್' (yes, ಹೌದು) ಅನ್ನಿ, ಸರಿಹೋಗುತ್ತದೆ ಅಂತ ಅದರಲ್ಲಿದೆ. ಕರೆಂಟ್ ಹೋಗಿ ಒಂದು ಸಲ ಕೆಟ್ಟಿದ್ದರೆ ಸರಿ, ಆದರೆ ಮತ್ತೆ ಮತ್ತೆ ಕೆಡುತ್ತಿರುವ ಯಂತ್ರದಲ್ಲಿ ಹೀಗೆ ಮಾಡಿಯೇ ನಾನು ಎಷ್ಟೋ ಫೋಟೊ ಕಳೆದುಕೊಂಡೆ.

ನನ್ನದು ಹಳೆಯ ಡೆಸ್ಕ್‌ಟಾಪ್. ಲಿನಕ್ಸ್, ಅದರಲ್ಲಿ ಇಎಕ್ಸ್‌ಟಿ4 (ext4) ಫೈಲ್ ಸಿಸ್ಟಮ್. ಹತ್ತು ಹನ್ನೆರಡು ದಿನ ಚೆನ್ನಾಗಿ ಓಡುತ್ತಿತ್ತು, ಆಮೇಲೆ ಇದ್ದಕ್ಕಿದ್ದಂತೆ ಡಿಸ್ಕ್ ರೀಡ್ ಓನ್ಲಿ ಆಗಿ, ಏನನ್ನೂ ಬರೆಯಲು ಬಿಡದೆ, ಸ್ವಲ್ಪ ಹೊತ್ತಿಗೆ ಇಡೀ ಯಂತ್ರವೇ ನಿಂತುಹೋಗುತ್ತಿತ್ತು. ಪ್ರತಿ ಸಲವೂ ರಿಪೇರಿ ಓಡಿಸಿದೆ. ಪ್ರತಿ ಸಲವೂ ಲಾಸ್ಟ್ ಪ್ಲಸ್ ಫೌಂಡ್ ಫೋಲ್ಡರಿನಲ್ಲಿ ಹೆಸರು ಕಳೆದುಕೊಂಡು ಬರೀ ನಂಬರ್ ಆದ ಫೈಲುಗಳು ಜಾಸ್ತಿಯಾದವು. ಡಿಸ್ಕೇ ಹೋಗಿರಬೇಕು ಅಂದುಕೊಂಡು ಹೊಸದು ಹಾಕಿದೆ. ಎರಡು ವಾರಕ್ಕೆ ಮತ್ತೆ ಅದೇ ಪಾಡು.

ಕೊನೆಗೆ ರ‍್ಯಾಮ್ ಪರೀಕ್ಷಿಸುವ ಮೆಮ್‌ಟೆಸ್ಟ್86+ ಅನ್ನು ಪೆನ್‌ಡ್ರೈವ್‌ನಿಂದ ಬೂಟ್ ಮಾಡಿ ರಾತ್ರಿಯಿಡೀ ಬಿಟ್ಟೆ. ಮೊದಲ ಸುತ್ತಿನಲ್ಲಿ ಒಂದೂ ತಪ್ಪಿಲ್ಲ. ಬೆಳಿಗ್ಗೆ ನೋಡಿದರೆ ಪರದೆಯಲ್ಲಿ ಸಾಲು ಸಾಲು ಕೆಂಪು. ಎರಡು ರ‍್ಯಾಮ್ ಕಡ್ಡಿಗಳಲ್ಲಿ ಒಂದು ಹಾಳಾಗಿತ್ತು, ಅಷ್ಟೇ.

ಡಿಸ್ಕಿಗೆ ಹೋಗುವುದೆಲ್ಲ ಮೊದಲು ರ‍್ಯಾಮ್‌ನಲ್ಲಿ ಕೂತೇ ಹೋಗುತ್ತದೆ ಅಲ್ವಾ? ಅಲ್ಲಿ ಒಂದು ಬಿಟ್ ಬದಲಾದರೆ ಡಿಸ್ಕ್ ಆ ತಪ್ಪನ್ನೇ ಜೋಪಾನವಾಗಿ ಬರೆದಿಡುತ್ತದೆ. ಮಾಡುವ ಬದಲಾವಣೆಯನ್ನು ಫೈಲ್ ಸಿಸ್ಟಮ್ ಮೊದಲೇ ಗುರುತು ಹಾಕಿಕೊಳ್ಳುವ ಜರ್ನಲ್ ಇದನ್ನು ತಡೆಯುವುದಿಲ್ಲ, ಅದು ಇರುವುದು ಅರ್ಧಕ್ಕೆ ನಿಂತ ಕೆಲಸವನ್ನು ಸರಿಪಡಿಸಲು. ಇನ್ನೂ ಕೆಟ್ಟದ್ದೇನೆಂದರೆ ಎಫ್‌ಎಸ್‌ಸಿಕೆ ಕೆಲಸ ಮಾಡುವುದೂ ಅದೇ ಹಾಳು ರ‍್ಯಾಮ್‌ನಲ್ಲಿ, ಹಾಗಾಗಿ ಸರಿಯಾಗಿದ್ದುದನ್ನೂ ತಪ್ಪು ಅಂದುಕೊಂಡು ತಿದ್ದಿಬಿಡಬಹುದು. ನಾನು ಸುಮ್ನೆ 'ಎಸ್' ಒತ್ತುತ್ತಾ ಕೂತಿದ್ದೆ.

ಹಾಗಾಗಿ ಓದುಗರಿಗೆ ದಯವಿಟ್ಟು ಇದನ್ನು ತಿಳಿಸಿ. ಮೊದಲು ಸರ್ವರ್ ನಿಲ್ಲಿಸಿ, ಡಿಸ್ಕ್ ಬಿಚ್ಚಿ, ಬೇರೆ ಕಂಪ್ಯೂಟರಿನಲ್ಲಿ ಕೆಟ್ಟ ಡಿಸ್ಕಿನಿಂದಲೂ ಓದಲು ಸಿಕ್ಕಿದ್ದನ್ನೆಲ್ಲ ನಕಲು ಮಾಡುವ ಡಿಡಿರೆಸ್ಕ್ಯೂ (ddrescue) ಬಳಸಿ ಇಡೀ ಡಿಸ್ಕಿನ ಪ್ರತಿ ತೆಗೆದುಕೊಳ್ಳಬೇಕು. ಆಮೇಲೆ ಸ್ಮಾರ್ಟ್‌ಸಿಟಿಎಲ್ (smartctl) ಅನ್ನುವ ಪ್ರೋಗ್ರಾಮಿನಲ್ಲಿ ಡಿಸ್ಕಿನ ಆರೋಗ್ಯ ನೋಡಬೇಕು. ಸಾಟಾ ಡಿಸ್ಕಾದರೆ ಅದು ತೋರಿಸುವ ಪಟ್ಟಿಯಲ್ಲಿ 5, 197, 198 ಈ ಸಾಲುಗಳ ಲೆಕ್ಕ, ಅಂದರೆ ಡಿಸ್ಕಿನಲ್ಲಿ ಕೆಟ್ಟ ಜಾಗಗಳ ಲೆಕ್ಕ, ಏರುತ್ತಿದ್ದರೆ ಡಿಸ್ಕ್ ಸಾಯುತ್ತಿದೆ. 199 ಏರುತ್ತಿದ್ದರೆ ಹೆಚ್ಚಾಗಿ ಕೇಬಲ್‌ದೇ ತೊಂದರೆ, ಆದರೆ ಆ ಲೆಕ್ಕ ಒಮ್ಮೆ ಏರಿದರೆ ಇಳಿಯುವುದಿಲ್ಲ, ಅದಕ್ಕೆ ಸಂಖ್ಯೆಯನ್ನು ಬರೆದಿಟ್ಟು ಕೇಬಲ್ ಬದಲಿಸಿ ಮತ್ತೆ ಏರುತ್ತದಾ ನೋಡಬೇಕು. ಇವೆಲ್ಲ ಸರಿಯಿದ್ದರೆ ರ‍್ಯಾಮ್, ಒಂದು ಸುತ್ತಲ್ಲ, ರಾತ್ರಿಯಿಡೀ. ಅದೂ ಸರಿಯಿದ್ದರೆ ಪವರ್ ಸಪ್ಲೈ. ಕಾರಣ ಸಿಕ್ಕಿದ ಮೇಲೆಯೇ ಎಫ್‌ಎಸ್‌ಸಿಕೆ, ಅದೂ ಅನ್‌ಮೌಂಟ್ ಮಾಡಿ (ಅಂದರೆ ಡಿಸ್ಕನ್ನು ಬಳಕೆಯಿಂದ ಬಿಡಿಸಿ), ಮೊದಲು ಕಮಾಂಡಿಗೆ ಮೈನಸ್ ಎನ್ (-n) ಸೇರಿಸಿ. ಆಗ ಅದು ಏನನ್ನೂ ಮುಟ್ಟದೆ, ಏನು ಕೆಟ್ಟಿದೆ ಅಂತ ಮಾತ್ರ ಹೇಳುತ್ತದೆ.

ಬ್ಯಾಕಪ್ ಇತ್ತಲ್ಲ ಅಂತ ಕೇಳಬಹುದು. ಇತ್ತು. ಪ್ರತಿ ರಾತ್ರಿ ಹಳೆಯದರ ಮೇಲೆ ಹೊಸದನ್ನು ಬರೆಯುತ್ತಿತ್ತು, ಹಾಗಾಗಿ ಕೆಟ್ಟ ಫೈಲುಗಳೇ ಹೋಗಿ ಒಳ್ಳೆಯವನ್ನು ಅಳಿಸಿದವು. ಇಎಕ್ಸ್‌ಟಿ4 ಫೈಲಿನೊಳಗಿನ ಮಾಹಿತಿಗೆ ಚೆಕ್‌ಸಮ್ (ಮಾಹಿತಿ ಬದಲಾಗಿದೆಯೇ ಎಂದು ತಿಳಿಸುವ ಲೆಕ್ಕ) ಇಡುವುದಿಲ್ಲ, ಝಡ್‌ಎಫ್‌ಎಸ್ (ZFS) ಮತ್ತು ಬಿಟಿಆರ್‌ಎಫ್‌ಎಸ್ (Btrfs) ಅನ್ನುವ ಫೈಲ್ ಸಿಸ್ಟಮ್‌ಗಳು ಇಡುತ್ತವೆ. ಬ್ಯಾಕಪ್‌ನಲ್ಲಿ ಕೆಲವು ತಿಂಗಳ ಹಳೆಯ ಆವೃತ್ತಿಗಳನ್ನಾದರೂ ಉಳಿಸಿಕೊಂಡಿದ್ದರೆ ಅಮ್ಮನ ಫೋಟೊಗಳು ಇವತ್ತು ಅರ್ಧ ಬೂದು ಬಣ್ಣಕ್ಕೆ ತಿರುಗಿರುತ್ತಿರಲಿಲ್ಲ.

ನಿಮ್ಮ ಬರಹ ನಂಬಿ ಇವತ್ತು ರಾತ್ರಿಯೇ ಯಾರೋ 'ಎಸ್' ಒತ್ತುತ್ತಿರಬಹುದು. ದಯವಿಟ್ಟು ಬೇಗ ಒಂದು ತಿದ್ದುಪಡಿ ಹಾಕಿ.

ಇಂತಿ,
ನಿಮ್ಮ ಓದುಗ